ಎರಡು ಮಳೆಗಾಲ ಕಾಯಿರಿ: ಆರು ಆಕ್ಷೇಪಗಳಿಗೆ ಪ್ರತ್ಯುತ್ತರ

ಕೋಟಿ ರೂಪಾಯಿ ಆಸುಪಾಸಿನ ಎಲೆಕ್ಟ್ರಿಕ್ ಕಾರನ್ನು ಮೊದಲ ಲಾಟಿನಲ್ಲೇ ಕೊಳ್ಳಬೇಡಿ. ಆ ಮಾದರಿ ನಮ್ಮ ದೇಶದಲ್ಲಿ ಎರಡು ಮಳೆಗಾಲ ಕಳೆಯಲಿ, ಆಮೇಲೆ ಯೋಚಿಸಿ. ನಾನು ಹೇಳುತ್ತ ಬಂದದ್ದು ಇಷ್ಟೇ. ಹೇಳಿದ ಜಾಗ ಮೂಡುಬಿದಿರೆ ಬಳಿಯ ಮಿಜಾರು. ಇಲ್ಲಿ ಊರೊಳಗೇ ಎರಡು ಇಂಜಿನಿಯರಿಂಗ್ ಕಾಲೇಜುಗಳಿವೆ. ಮುಂಬೈಯಲ್ಲೋ ಗಲ್ಫಿನಲ್ಲೋ ದುಡಿದವರ ಮನೆಗಳಿವೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಷೋರೂಮಿನ ಕಡೆ ಕಣ್ಣು ಹಾಯಿಸುವ ತೋಟದವರಿದ್ದಾರೆ. ಹೀಗಾಗಿ ಆಕ್ಷೇಪಗಳು ಬೇಗನೆ ಬಂದವು, ಹಲವು ಕಡೆಯಿಂದ ಬಂದವು. ಒಂದನ್ನೂ ಬಿಡದೆ ಉತ್ತರ ಕೊಡುತ್ತೇನೆ.

ಮೊದಲು ಒಂದು ಮಾತು. ನಾನು ಕರೆಂಟಿನ ಕಾರಿಗೆ ವಿರೋಧಿ ಎಂದು ಕೆಲವರು ತಿಳಿದಂತಿದೆ. ಅಲ್ಲ. ಹದಿನೈದು ಲಕ್ಷದ ಎಲೆಕ್ಟ್ರಿಕ್ ಕಾರಿನಲ್ಲಿ ಮೂಡುಬಿದಿರೆ, ಮಂಗಳೂರು ಓಡಾಡುವವರ ಬಗ್ಗೆ ನನ್ನ ತಕರಾರೇನೂ ಇಲ್ಲ. ನನ್ನ ಮಾತು ಐಷಾರಾಮಿ ಕಾರಿನ ಬಗ್ಗೆ, ಅದರಲ್ಲೂ ಮಾರುಕಟ್ಟೆಗೆ ಬಂದ ಮೊದಲ ತಿಂಗಳುಗಳ ಕಾರಿನ ಬಗ್ಗೆ.

ಒಂದನೆಯ ಆಕ್ಷೇಪ: “ಕಾಯುತ್ತ ಕೂತವರಿಗೆ ಕಾಯುವುದೇ ಗತಿ. ಪ್ರತಿ ವರ್ಷವೂ ಇನ್ನೊಂದು ಒಳ್ಳೆಯದು ಬರುತ್ತಲೇ ಇರುತ್ತದೆ.”

ಎಲ್ಲ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು. ಇದಕ್ಕೆ ಸಾಕ್ಷಿಯಾಗಿ ಅವರು ಹೇಳುವುದು ಟೆಸ್ಲಾ ಕಥೆ. 2016ರ ಏಪ್ರಿಲ್‌ನಲ್ಲಿ ಮಾಡೆಲ್ 3ಕ್ಕಾಗಿ ಭಾರತದಿಂದಲೂ ಕೆಲವರು ಸಾವಿರ ಡಾಲರ್ ಕಟ್ಟಿ ಬುಕ್ ಮಾಡಿದರು. 2021ರ ಜನವರಿಯಲ್ಲಿ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾದಾಗ “ಬಂದೇ ಬಿಟ್ಟಿತು” ಎಂದು ಕುಣಿದವರಿದ್ದರು. ಷೋರೂಮ್ ತೆರೆದದ್ದು 2025ರ ಜುಲೈಯಲ್ಲಿ, ಅದೂ ಮುಂಬೈಯಲ್ಲಿ. ಬಂದ ಕಾರು ಕೂಡ ಬೇರೆ: ಮಾಡೆಲ್ ವೈ, ಬೆಲೆ 59.89 ಲಕ್ಷದಿಂದ ಮೇಲೆ. ಒಂಬತ್ತು ವರ್ಷ ಕಾದವರಿಗೆ ಸಿಕ್ಕಿದ್ದೇನು ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸರಿ, ಆದರೆ ಅದು ನನಗೆ ಹಾಕುವ ಪ್ರಶ್ನೆಯಲ್ಲ. ಬರಬಹುದಾದ ಕಾರಿಗಾಗಿ ಕಾಯುವುದು ಬೇರೆ, ಬಂದಿರುವ ಕಾರು ನೆಲೆಗೊಳ್ಳಲಿ ಎಂದು ಕಾಯುವುದು ಬೇರೆ. ಮೊದಲನೆಯದಕ್ಕೆ ಕೊನೆಯಿಲ್ಲ. ಎರಡನೆಯದಕ್ಕೆ ಗಡುವಿದೆ, ಆ ಗಡುವನ್ನು ನಾನೇ ಹೇಳಿದ್ದೇನೆ: ಎರಡು ಮಳೆಗಾಲ. ಮುಂದಿನ ಬ್ಯಾಟರಿ, ಅದರ ಮುಂದಿನ ಬ್ಯಾಟರಿ ಎಂದು ಕನಸು ಕಾಣುತ್ತ ಕೂರಿ ಎಂದು ನಾನು ಯಾರಿಗೂ ಹೇಳಿಲ್ಲ. ಬ್ಯಾಟರಿ ಅಗ್ಗವಾಗುತ್ತದೆ, ಹಾಗಾಗಿ ಕಾರಿನ ಬೆಲೆ ಇಳಿದೇ ಇಳಿಯುತ್ತದೆ ಎಂಬ ಆಸೆಯನ್ನೂ ಹುಟ್ಟಿಸಿಲ್ಲ. ಕಿಯಾ ಇವಿ6 2022ರಲ್ಲಿ ಬಂದಾಗ 59.95 ಲಕ್ಷದಿಂದ ಶುರುವಾಗಿತ್ತು. 2025ರಲ್ಲಿ ದೊಡ್ಡ ಬ್ಯಾಟರಿಯೊಂದಿಗೆ ಮರಳಿ ಬಂದಾಗ 65.9 ಲಕ್ಷ.

ಹಾಗಿದ್ದರೂ ಸಣ್ಣ ಕಾಯುವಿಕೆಯೂ ಕೆಲವೊಮ್ಮೆ ದೊಡ್ಡ ಆಯ್ಕೆಯನ್ನು ಮುಂದಿಡುತ್ತದೆ. 2022ರ ಆಗಸ್ಟ್‌ನಲ್ಲಿ ಮರ್ಸಿಡಿಸ್ ಎಎಂಜಿ ಇಕ್ಯೂಎಸ್ 53 ಆಮದು ಕಾರಾಗಿ 2.45 ಕೋಟಿಗೆ ಬಂತು. ಮುಂದಿನ ತಿಂಗಳ ಕೊನೆಗೆ ಅದೇ ಇಕ್ಯೂಎಸ್‌ನ 580 ಮಾದರಿ ಪುಣೆ ಬಳಿಯ ಚಾಕಣ್‌ನಲ್ಲಿ ಜೋಡಣೆಯಾಗಿ 1.55 ಕೋಟಿಗೆ ಬಂತು. ಎಎಂಜಿಯ ಶಕ್ತಿ ಹೆಚ್ಚು, ಒಪ್ಪುತ್ತೇನೆ. ಆದರೆ 90 ಲಕ್ಷದ ಅಂತರ ಬರೀ ಶಕ್ತಿಯದಲ್ಲ, ಅದರಲ್ಲಿ ಆಮದು ಸುಂಕದ ಪಾಲು ದೊಡ್ಡದು. ಆ ಒಂದು ತಿಂಗಳು ಕಾದವರು ಜೀವಮಾನವಿಡೀ ಕಾದವರೇನಲ್ಲ.

ಎರಡನೆಯ ಆಕ್ಷೇಪ: “ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇದೆ. ಮತ್ತೆಂತ ಹೆದರಿಕೆ ಮಾರಾಯ್ರೆ?”

ವಾರಂಟಿ ಇದೆ. ಎಂಟು ವರ್ಷ ಅಥವಾ 1,60,000 ಕಿಲೋಮೀಟರ್ ಎಂಬುದು ಈಗ ಹೆಚ್ಚು ಕಡಿಮೆ ಎಲ್ಲರ ಲೆಕ್ಕ. ಕಂಪನಿಗಳು ಮಾತಿಗೆ ತಪ್ಪುತ್ತವೆ ಎಂದೂ ನಾನು ಹೇಳುವುದಿಲ್ಲ. ಹ್ಯುಂಡೈ ಕೋನಾದ ಬ್ಯಾಟರಿಯಲ್ಲಿ ಬೆಂಕಿಯ ಅಪಾಯ ಕಂಡಾಗ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿ ಬದಲಿಸಲು ಕಂಪನಿ ಮುಂದಾಯಿತು. ದೊಡ್ಡ ಮಾತೇ.

ಆದರೆ ವಾರಂಟಿ ತುಂಬಿಕೊಡುವುದು ಖರ್ಚನ್ನು. ಕಾರಿಲ್ಲದ ದಿನಗಳನ್ನು ಅದು ತುಂಬಿಕೊಡುವುದಿಲ್ಲ. ಇದರ ಜೊತೆ ಬ್ಯಾಟರಿಯೊಂದೇ ಕಾರಲ್ಲ. 2024ರ ಜೂನ್‌ನಲ್ಲಿ ಭಾರತದಲ್ಲಿ ಹ್ಯುಂಡೈಯ 1,744 ಐಯಾನಿಕ್ 5 ಕಾರುಗಳನ್ನೂ, ಜುಲೈಯಲ್ಲಿ 1,138 ಇವಿ6 ಕಾರುಗಳನ್ನೂ ಹಿಂದಕ್ಕೆ ಕರೆಸಿದ್ದು ದೊಡ್ಡ ಬ್ಯಾಟರಿಯ ದೋಷಕ್ಕಲ್ಲ. ಚಾರ್ಜಿಂಗನ್ನು ನಿಯಂತ್ರಿಸುವ ಐಸಿಸಿಯು ಎಂಬ ಘಟಕದಲ್ಲಿ ದೋಷವಿತ್ತು. ಅದು ಕೆಟ್ಟರೆ ಒಳಗಿರುವ 12 ವೋಲ್ಟಿನ ಸಣ್ಣ ಬ್ಯಾಟರಿಗೆ ಚಾರ್ಜ್ ಹೋಗುವುದಿಲ್ಲ. ಅದು ಇಳಿಯುತ್ತ ಬಂದಂತೆ ಕಾರು ಓಡುವ ಶಕ್ತಿ ಕಳೆದುಕೊಳ್ಳುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ರಸ್ತೆ ಬದಿಯಲ್ಲಿ ನಿಲ್ಲುತ್ತದೆ.

ಬೆಂಗಳೂರಿನ ಒಳವರ್ತುಲ ರಸ್ತೆಯಲ್ಲಿ ಹಾಗೆ ನಿಂತರೆ ಒಂದು ಮಧ್ಯಾಹ್ನ ಹಾಳು. ಜುಲೈ ತಿಂಗಳ ರಾತ್ರಿ ಶಿರಾಡಿ ಘಾಟಿಯ ತಿರುವಿನಲ್ಲಿ, ಇಲ್ಲವೇ ಚಾರ್ಮಾಡಿಯಲ್ಲಿ ಮಂಜು ಕವಿದಾಗ ನಿಂತರೆ? ಎರಡು ಟನ್ನಿಗೂ ಮೀರಿದ ಕಾರನ್ನು ಹಗ್ಗ ಕಟ್ಟಿ ಎಳೆಯುವಂತೆಯೂ ಇಲ್ಲ; ಚಕ್ರ ನೆಲ ಮುಟ್ಟದಂತೆ ಲಾರಿಯ ಮೇಲೆ ಏರಿಸಿ ಸಾಗಿಸಬೇಕು. ಮೂಡುಬಿದಿರೆಯ ಗ್ಯಾರೇಜಿನ ಮೇಸ್ತ್ರಿ ಎಷ್ಟೇ ಚುರುಕಾದರೂ ಹೈವೋಲ್ಟೇಜ್ ಕಾರಿನ ಹೊಟ್ಟೆ ಬಿಚ್ಚುವಂತಿಲ್ಲ, ಬಿಚ್ಚಲೂಬಾರದು.

“ಕಾದವರಿಗೂ ಅದೇ ದೋಷದ ಕಾರು ಸಿಗುತ್ತಿತ್ತಲ್ಲ” ಎಂದು ಕಾಲೇಜಿನ ಲೆಕ್ಚರರ್ ಒಬ್ಬರು ಕುಟುಕಿದರು. ಸಿಗುತ್ತಿತ್ತು, ಆದರೆ ಯಾವ ಸ್ಥಿತಿಯಲ್ಲಿ? ತಾರೀಖುಗಳನ್ನು ನೋಡಿ. ಕೋನಾ ಭಾರತಕ್ಕೆ ಬಂದದ್ದು 2019ರ ಜುಲೈಯಲ್ಲಿ, ಇಲ್ಲಿ 456 ಕಾರುಗಳನ್ನು ಹಿಂದಕ್ಕೆ ಕರೆದದ್ದು 2020ರ ಡಿಸೆಂಬರ್‌ನಲ್ಲಿ. ಐಯಾನಿಕ್ 5 ಬಂದದ್ದು 2023ರ ಜನವರಿಯಲ್ಲಿ, ಕರೆದದ್ದು 2024ರ ಜೂನ್‌ನಲ್ಲಿ. ಇವಿ6 ಬಂದದ್ದು 2022ರ ಜೂನ್‌ನಲ್ಲಿ, ಕರೆದದ್ದು 2024ರ ಜುಲೈಯಲ್ಲಿ. ಮೂರರಲ್ಲೂ ದೋಷ ಬಯಲಾದದ್ದು ಹದಿನೇಳು ತಿಂಗಳಿಂದ ಇಪ್ಪತ್ತೈದು ತಿಂಗಳೊಳಗೆ. ನನ್ನ ‘ಎರಡು ಮಳೆಗಾಲ’ ಪಂಚಾಂಗ ನೋಡಿ ಹೇಳಿದ್ದಲ್ಲ, ಈ ತಾರೀಖುಗಳನ್ನು ನೋಡಿ ಹೇಳಿದ್ದು. ಅಷ್ಟು ಹೊತ್ತಿಗೆ ದೋಷಕ್ಕೆ ಹೆಸರಿರುತ್ತದೆ, ಅದನ್ನು ಪರೀಕ್ಷಿಸುವ ವಿಧಾನ ವರ್ಕ್‌ಷಾಪಿಗೆ ಬಂದಿರುತ್ತದೆ, ಕೊಳ್ಳುವವನಿಗೆ ಯಾವುದನ್ನು ಕೇಳಬೇಕೆಂದು ಗೊತ್ತಿರುತ್ತದೆ.

ಮೂರನೆಯ ಆಕ್ಷೇಪ: “ಈಗಿನ ಕಾರು ಮೊಬೈಲ್ ಇದ್ದ ಹಾಗೆ. ರಾತ್ರಿ ಮಲಗಿದಾಗ ಅಪ್‌ಡೇಟ್ ಬರುತ್ತದೆ, ಬೆಳಿಗ್ಗೆ ಹೊಸ ಕಾರು.”

ಇದನ್ನು ಹೇಳಿದವರೂ ಕಾಲೇಜಿನವರೇ. ಅಪ್‌ಡೇಟ್‌ನಿಂದ ಬ್ರೇಕಿನ ಸ್ವಭಾವ, ರೇಂಜಿನ ಅಂದಾಜು, ನಕ್ಷೆ ಇವೆಲ್ಲ ಸುಧಾರಿಸುವುದುಂಟು. ಆದರೆ ಗಾಳಿಯಲ್ಲಿ ಬರುವುದು ಸಾಫ್ಟ್‌ವೇರ್ ಮಾತ್ರ. ಕಾರಿನಲ್ಲಿ ಇಲ್ಲದ ಭಾಗ ಹಾಗೆ ಬರುವುದಿಲ್ಲ.

ಟೆಸ್ಲಾ ಮಾಡೆಲ್ ಎಸ್ 2012ರಲ್ಲಿ ಬಂತು. 2014ರ ಶರತ್ಕಾಲದಲ್ಲಿ ಆಟೋಪೈಲಟ್‌ಗೆ ಬೇಕಾದ ಕ್ಯಾಮೆರಾ, ರಾಡಾರ್‌ಗಳನ್ನು ಹೊಸ ಕಾರುಗಳಿಗೆ ಕೂರಿಸಲಾಯಿತು. ಅದಕ್ಕೆ ಮುಂಚೆ ಕೊಂಡವರ ಕಾರಿಗೆ ಅವನ್ನು ಜೋಡಿಸಿಕೊಡುವ ಏರ್ಪಾಡು ಇರಲಿಲ್ಲ. ಎಷ್ಟು ಅಪ್‌ಡೇಟ್ ಬಂದರೂ ಆ ಕಾರುಗಳಿಗೆ ಆ ಕಣ್ಣು ಬರಲಿಲ್ಲ.

ಅದೇ ಕಾರಿನ ಇನ್ನೊಂದು ಕಥೆ ಇನ್ನೂ ಚೆನ್ನಾಗಿದೆ. ಪರದೆಯ ಹಿಂದಿದ್ದ ಮೆಮೊರಿ ಚಿಪ್‌ನಲ್ಲಿ ಇದ್ದ ಜಾಗ 8 ಜಿಬಿ. ಕಾರಿನ ಸಾಫ್ಟ್‌ವೇರ್ ದಿನವೂ ಅದರ ಮೇಲೆ ಬರೆದು ಅಳಿಸಿ ಬರೆದು, ಕೆಲವೇ ವರ್ಷಗಳಲ್ಲಿ ಚಿಪ್ ಸವೆದುಹೋಯಿತು. ಪರದೆ ಕಪ್ಪಾದರೆ ಹಿಂದಿನ ಕ್ಯಾಮೆರಾವೂ ಇಲ್ಲ, ಗಾಜಿನ ಮಂಜು ತೆಗೆಯುವ ಗುಂಡಿಯೂ ಇಲ್ಲ. 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಇದಕ್ಕಾಗಿ ಹಿಂದಕ್ಕೆ ಕರೆಯಬೇಕಾಯಿತು. 2012ರಿಂದ 2018ರೊಳಗಿನ ಮಾಡೆಲ್ ಎಸ್, 2016ರಿಂದ 2018ರ ಮಾಡೆಲ್ ಎಕ್ಸ್. ಇಲ್ಲಿ ಯಂತ್ರಾಂಶವನ್ನು ತಿಂದುಹಾಕಿದ್ದು ಸಾಫ್ಟ್‌ವೇರೇ.

ನಮ್ಮ ಮನೆಯ ಗೋಡೆಯ ಹತ್ತಿರಕ್ಕೇ ಬರೋಣ. ಮರ್ಸಿಡಿಸ್ ಇಕ್ಯೂಸಿ ಮೊದಲು ಹೊರಬಂದಾಗ ಅದರೊಳಗಿನ ಎಸಿ ಚಾರ್ಜರ್ 7.4 ಕಿಲೋವ್ಯಾಟ್‌ನದು. 2020ರ ಕೊನೆಯ ಹೊತ್ತಿಗೆ ಕಾರ್ಖಾನೆ ಅದನ್ನು 11 ಕಿಲೋವ್ಯಾಟ್‌ಗೆ ಏರಿಸಿತು. ಬ್ಯಾಟರಿ 80 ಕಿಲೋವ್ಯಾಟ್ ಅವರ್. ಮೊದಲ ಲಾಟಿನವನಿಗೆ ಖಾಲಿಯಿಂದ ತುಂಬಲು ಸುಮಾರು ಹನ್ನೊಂದು ಗಂಟೆ, ಆಮೇಲಿನವನಿಗೆ ಏಳೂವರೆ. ತೋಟದ ಮನೆಯಲ್ಲಿ ತ್ರೀಫೇಸ್ ಲೈನ್ ಇದ್ದರೂ ಮೊದಲ ಲಾಟಿನವನಿಗೆ ಅದರ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಕರೆಂಟು ಬಂದು ಹೋಗಿ ಮಾಡುವ ರಾತ್ರಿಗಳಲ್ಲಿ ಮೂರೂವರೆ ಗಂಟೆ ಸಣ್ಣ ವ್ಯತ್ಯಾಸವಲ್ಲ.

ನಾಲ್ಕನೆಯ ಆಕ್ಷೇಪ: “ಬೇಗ ಕೊಂಡವನು ತೆರಿಗೆಯಲ್ಲಿ ಗೆದ್ದ. ನೀವು ಕಾಯಿರಿ ಎನ್ನುತ್ತೀರಿ, ಸರಕಾರ ಕಾಯುವುದಿಲ್ಲ.”

ಇದರಲ್ಲಿ ಸತ್ಯಾಂಶ ಇದೆ, ಮುಚ್ಚಿಡುವುದಿಲ್ಲ. ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ರಸ್ತೆ ತೆರಿಗೆ ವಿನಾಯಿತಿ ಇತ್ತು. 2024ರಲ್ಲಿ ಕಾಯ್ದೆ ತಿದ್ದಿ, 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರಿಗೆ ಶೇ 10ರ ಜೀವಾವಧಿ ತೆರಿಗೆ ಹಾಕಿದರು. ಕೋಟಿಯ ಕಾರಿಗೆ ಹತ್ತು ಲಕ್ಷ. ಹಿಂದಿನ ವರ್ಷ ಕೊಂಡವನಿಗೆ ಅಷ್ಟು ಉಳಿಯಿತು. ಆದರೂ 20 ಲಕ್ಷಕ್ಕೆ ಮೇಲ್ಪಟ್ಟ ಪೆಟ್ರೋಲ್ ಕಾರಿಗೆ ಶೇ 18 ಕಟ್ಟುವಾಗ ಇದು ಇನ್ನೂ ಕಡಿಮೆಯೇ. ಜಿಎಸ್‌ಟಿ ಎಲೆಕ್ಟ್ರಿಕ್‌ಗೆ ಶೇ 5. 2025ರ ಸೆಪ್ಟೆಂಬರ್‌ನಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 40.

ಹತ್ತು ಲಕ್ಷ ಉಳಿಸಿದವನ ಪುಸ್ತಕದ ಎದುರಿನ ಪುಟವನ್ನೂ ತೆರೆದು ನೋಡಬೇಕಲ್ಲ. ವಾಹನ ವಿಮೆಯಲ್ಲಿ ಐಡಿವಿ ಎಂದು ಒಂದು ಲೆಕ್ಕವಿದೆ, ಕಾರು ಕಳೆದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಮೊತ್ತ. ಮೂರು ವರ್ಷ ದಾಟಿದ ಕಾರಿಗೆ ಬೆಲೆಯಲ್ಲಿ ಶೇ 40 ಕಳೆಯುತ್ತಾರೆ, ನಾಲ್ಕು ದಾಟಿದರೆ ಶೇ 50. ಇದು ಪೆಟ್ರೋಲ್ ಕಾರಿಗೂ ಒಂದೇ. ಎಲೆಕ್ಟ್ರಿಕ್‌ನ ಮೊದಲ ಲಾಟಿಗೆ ಕುತ್ತು ತರುವುದು ಅದೇ ನಿಯಮದ ಇನ್ನೊಂದು ಸಾಲು: ಐದು ವರ್ಷ ದಾಟಿದ ಕಾರಿಗೂ, ಕಂಪನಿ ತಯಾರಿಕೆ ನಿಲ್ಲಿಸಿದ ಮಾದರಿಗೂ ಈ ಪಟ್ಟಿ ಅನ್ವಯಿಸುವುದಿಲ್ಲ, ವಿಮಾ ಕಂಪನಿಯೂ ಮಾಲೀಕನೂ ಕೂತು ಒಪ್ಪಿದ್ದೇ ಬೆಲೆ.

ಈಗ ಭಾರತಕ್ಕೆ ಬಂದ ಮೊದಲ ಐಷಾರಾಮಿ ಎಲೆಕ್ಟ್ರಿಕ್ ಕಾರುಗಳ ಸಾಲು ನೋಡಿ. ಮರ್ಸಿಡಿಸ್ ಇಕ್ಯೂಸಿ, 2020ರ ಅಕ್ಟೋಬರ್, 99.30 ಲಕ್ಷ: ತಯಾರಿಕೆ ನಿಂತದ್ದು 2023ರಲ್ಲಿ. ಜಾಗ್ವಾರ್ ಐ-ಪೇಸ್, 2021ರ ಮಾರ್ಚ್, ಕೋಟಿಯ ಮೇಲೆ: 2024ರಲ್ಲಿ ಇಲ್ಲಿನ ಪಟ್ಟಿಯಿಂದ ಹೋಯಿತು. ಆಡಿ ಇ-ಟ್ರಾನ್, 2021ರ ಜುಲೈ, 99.99 ಲಕ್ಷ: 2023ರಲ್ಲಿ ಹೆಸರು ಬದಲಾಗಿ ಕ್ಯೂ8 ಇ-ಟ್ರಾನ್ ಆಯಿತು, 2025ರ ಫೆಬ್ರುವರಿಯಲ್ಲಿ ಅದನ್ನು ಮಾಡುತ್ತಿದ್ದ ಬ್ರಸೆಲ್ಸ್ ಕಾರ್ಖಾನೆಯೇ ಮುಚ್ಚಿತು. ಮೂರರಲ್ಲಿ ಒಂದಕ್ಕೂ ಇಲ್ಲಿ ಐದು ವರ್ಷದ ಬಾಳು ಸಿಗಲಿಲ್ಲ. ಕಾರುಗಳು ಕೆಟ್ಟವೇನಲ್ಲ, ಓಡಿಸಿದವರು ಹೊಗಳುತ್ತಾರೆ. ಆದರೆ ಮಾರಲು ಹೊರಟಾಗ “ಈ ಮಾದರಿ ಈಗ ಬರುವುದಿಲ್ಲ ಅಲ್ಲವಾ?” ಎಂದು ಎದುರಿನವನು ಕೇಳುವ ಒಂದು ಪ್ರಶ್ನೆಗೆ ಹತ್ತು ಲಕ್ಷದ ಉಳಿತಾಯ ಕರಗಿಹೋಗುತ್ತದೆ.

ಐ-ಪೇಸ್‌ನ ಬಾಲ ಇನ್ನೂ ಉದ್ದ. 2024ರಲ್ಲಿ ಅಮೆರಿಕದಲ್ಲಿ 2019ರ ಮಾದರಿಯ ಐ-ಪೇಸ್‌ಗಳನ್ನು ಬೆಂಕಿಯ ಅಪಾಯದ ಕಾರಣಕ್ಕೆ ಹಿಂದಕ್ಕೆ ಕರೆದು, ಚಾರ್ಜನ್ನು ಶೇ 80ಕ್ಕೆ ಮಿತಿಗೊಳಿಸಿದರು, ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಎಂದರು. 2019 ಎಂದರೆ ಆ ಕಾರಿನ ಮೊದಲ ಮಾದರಿ ವರ್ಷ.

ಐದನೆಯ ಆಕ್ಷೇಪ: “ಕಾಯುವಷ್ಟು ದಿನ ಪೆಟ್ರೋಲಿಗೆ ಸುರಿಯುವ ದುಡ್ಡಿನ ಲೆಕ್ಕ ಹಾಕಿದ್ದೀರಾ?”

ಹಾಕಿದ್ದೇನೆ. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸುವವರು ಎಂದಿಟ್ಟುಕೊಳ್ಳಿ. ದೊಡ್ಡ ಪೆಟ್ರೋಲ್ ಎಸ್‌ಯುವಿ ಲೀಟರಿಗೆ ಹತ್ತು ಕೊಟ್ಟರೆ 1,500 ಲೀಟರ್, ಲೀಟರಿಗೆ ನೂರರಂತೆ ಒಂದೂವರೆ ಲಕ್ಷ. ಅಷ್ಟೇ ದೊಡ್ಡ ಎಲೆಕ್ಟ್ರಿಕ್‌ಗೆ ನೂರು ಕಿಲೋಮೀಟರಿಗೆ 22 ಯೂನಿಟ್ ಹಿಡಿದು, ಚಾರ್ಜ್ ಮಾಡುವಾಗ ಸೋರುವುದನ್ನೂ ಸೇರಿಸಿದರೆ 3,700 ಯೂನಿಟ್ ಹತ್ತಿರ. ಮನೆಯ ಕರೆಂಟು ಯೂನಿಟ್‌ಗೆ ಆರು ರೂಪಾಯಿಯಂತೆ ಇಪ್ಪತ್ತೆರಡು ಸಾವಿರ. ಉಳಿತಾಯ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ. ಎರಡು ಮಳೆಗಾಲಕ್ಕೆ ಎರಡೂವರೆ ಲಕ್ಷ.

ಮಧ್ಯಮ ವರ್ಗದ ಮನೆಗೆ ಇದು ದೊಡ್ಡ ಮೊತ್ತ. ಅದಕ್ಕೇ ಸಣ್ಣ ಎಲೆಕ್ಟ್ರಿಕ್ ಕಾರಿನ ವಿಷಯದಲ್ಲಿ ನಾನು ಯಾರನ್ನೂ ತಡೆಯುವುದಿಲ್ಲ. ಕೋಟಿ ಕೊಟ್ಟು ಕಾರು ತರುವವನು ಎರಡೂವರೆ ಲಕ್ಷದ ಪೆಟ್ರೋಲಿಗೆ ಹೆದರಿ ಅವಸರ ಮಾಡಿದ ಎಂದರೆ ಮಾತ್ರ ನಂಬುವುದು ಕಷ್ಟ. ಅವಸರಕ್ಕೆ ಬೇರೆ ಕಾರಣ ಇರುತ್ತದೆ: ಊರಿನಲ್ಲಿ ಮೊದಲು ತನ್ನ ಅಂಗಳದಲ್ಲಿ ನಿಲ್ಲಲಿ ಎಂಬುದು. ಆ ಆಸೆಯಲ್ಲಿ ತಪ್ಪೇನೂ ಇಲ್ಲ, ಅದನ್ನು ಉಳಿತಾಯ ಎಂದು ಕರೆಯಬೇಡಿ.

ಮನೆಯಲ್ಲಿ ಚಾರ್ಜ್ ಮಾಡುವವರು ಇನ್ನೊಂದು ವಿಷಯ ಗಮನಿಸಬೇಕು. ಗೋಡೆಯ ಚಾರ್ಜರ್ ಅರ್ತಿಂಗ್ ಸರಿಯಿಲ್ಲದಿದ್ದರೆ ಕೆಲಸವನ್ನೇ ಶುರು ಮಾಡುವುದಿಲ್ಲ. ನಮ್ಮದು ಮುರಕಲ್ಲಿನ ನೆಲ. ಬೇಸಗೆಯಲ್ಲಿ ಒಣಗಿದಾಗ ಅರ್ತಿಂಗ್ ಗುಂಡಿಗೆ ನೀರು ಹೊಯ್ಯುವ ಊರು. ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಸಿಡಿಲು. ಈ ನೆಲಕ್ಕೂ ಈ ಆಕಾಶಕ್ಕೂ ಒಂದು ಹೊಸ ಚಾರ್ಜರ್ ಹೇಗೆ ಒಗ್ಗುತ್ತದೆ ಎಂಬುದು ಜರ್ಮನಿಯ ಪ್ರಯೋಗಶಾಲೆಯಲ್ಲಿ ತಿಳಿಯುವುದಿಲ್ಲ.

ಆರನೆಯ ಆಕ್ಷೇಪ: “ಎಲ್ಲರೂ ನಿಮ್ಮಂತೆ ಕಾದರೆ ಮೊದಲು ಕೊಳ್ಳುವವರು ಯಾರು? ರೇವಾವನ್ನು ಮರೆತಿರಾ?”

ರೇವಾವನ್ನು ಮರೆತಿಲ್ಲ, ನನ್ನ ವಾದಕ್ಕೆ ಅದೇ ಆಧಾರ. ಚೇತನ್ ಮೈನಿಯವರ ರೇವಾ 2001ರಲ್ಲಿ ಬೆಂಗಳೂರಿನ ರಸ್ತೆಗಿಳಿಯಿತು, ಕಾರ್ಖಾನೆ ಬೊಮ್ಮಸಂದ್ರದಲ್ಲಿ. ಸೀಸ-ಆಮ್ಲದ ಬ್ಯಾಟರಿ, ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರ್ ಹೇಳುತ್ತಿದ್ದರು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಲಿಥಿಯಂ ಬ್ಯಾಟರಿಯ ರೇವಾ ಬಂದದ್ದು 2009ರಲ್ಲಿ. 2010ರಲ್ಲಿ ಮಹೀಂದ್ರ ಕಂಪನಿಯನ್ನು ಕೊಂಡಿತು. 2013ರಲ್ಲಿ ಇ2ಒ ಬಂತು. ಆ ಮೊದಲ ಗ್ರಾಹಕರ ಧೈರ್ಯಕ್ಕೆ ನನ್ನ ನಮಸ್ಕಾರ ಇದೆ.

ಆದರೆ ಅವರು ಯಾರು, ಎಲ್ಲಿದ್ದರು? ಬೆಂಗಳೂರಿನ ಮಾಲೀಕರಿಗೆ ಕಾರ್ಖಾನೆ ಅದೇ ಊರಿನಲ್ಲಿತ್ತು. ಸಣ್ಣ ಕಾರು, ಸಣ್ಣ ಮೊತ್ತ, ಮನೆಯಿಂದ ಕಚೇರಿಗೆ ಹೋಗಿ ಬರುವಷ್ಟು ಓಡಾಟ. ಕೆಟ್ಟರೆ ಮಾಡಿದವರೇ ಬಂದು ನೋಡುವಷ್ಟು ಹತ್ತಿರ. ಮೊದಲ ಲಾಟು ಇಂಥವರಿಗೆ ಹೇಳಿಸಿದ್ದು. ಇವತ್ತಿಗೂ ಹಾಗೇ: 2022ರಲ್ಲಿ ವೋಲ್ವೊ ಎಕ್ಸ್‌ಸಿ40 ರೀಚಾರ್ಜ್ ಹೊಸಕೋಟೆಯಲ್ಲಿ ಜೋಡಣೆಯಾಗಿ 55.90 ಲಕ್ಷಕ್ಕೆ ಬಂದಾಗ, ಬೆಂಗಳೂರಿನವರು ಅದನ್ನು ಮೊದಲ ತಿಂಗಳಲ್ಲೇ ಕೊಂಡರೆ ನನ್ನ ಆಕ್ಷೇಪವಿಲ್ಲ. ನಾವು ಘಾಟಿಯ ಈಚೆಗೆ, ಸುಮಾರು 350 ಕಿಲೋಮೀಟರ್ ದೂರದಲ್ಲಿದ್ದೇವೆ. ಮೊದಲಿಗರಾಗಬೇಕಾದವರು ಮೊದಲು ರಿಪೇರಿಯೂ ಸಿಗುವವರು.

ಹೊಸದಕ್ಕೆ ನಮ್ಮವರು ಹೆದರಿದ್ದಿಲ್ಲ. ವಿಟ್ಲದ ಸಿಪಿಸಿಆರ್‌ಐ ಸಂಶೋಧನಾ ಕೇಂದ್ರದಿಂದ ‘ಮಂಗಳ’ ಅಡಿಕೆ ತಳಿ ಬಂದಾಗಲೂ ಇಲ್ಲಿ ಬೆಳೆಯಿತು. ಆದರೆ ಬುದ್ಧಿವಂತ ತೋಟಗಾರ ಹಳೆಯ ಮರ ಎಲ್ಲ ಕಡಿದು ಹೊಸ ಸಸಿ ನೆಡಲಿಲ್ಲ; ಒಂದು ಸಾಲು ನೆಟ್ಟ, ಪಕ್ಕದವನ ತೋಟದಲ್ಲಿ ಸಿಂಗಾರ ಹೇಗೆ ಬಿಡುತ್ತದೆ, ಕೊಳೆರೋಗಕ್ಕೆ ಹೇಗೆ ನಿಲ್ಲುತ್ತದೆ ಎಂದು ನೋಡಿದ. ಅವನನ್ನು ಯಾರೂ ಅಂಜುಬುರುಕ ಎನ್ನಲಿಲ್ಲ.

ಹಾಗಾದರೆ ಎರಡು ಮಳೆಗಾಲದಲ್ಲಿ ಮಾಡುವುದೇನು?

ಸುಮ್ಮನೆ ಕೂರುವುದಲ್ಲ. ಈ ಅವಧಿಯಲ್ಲಿ ನಾಲ್ಕು ವಿಷಯ ತಿಳಿಯಬೇಕು. ಆ ಕಾರಿನ ಹೈವೋಲ್ಟೇಜ್ ಬ್ಯಾಟರಿಯನ್ನು ಬಿಚ್ಚಿ ನೋಡಬಲ್ಲ, ತರಬೇತಿ ಪಡೆದ ಜನ ಮಂಗಳೂರಿನಲ್ಲೇ ಇದ್ದಾರೋ, ಬೆಂಗಳೂರಿಗೆ ಸಾಗಿಸಬೇಕೋ; ಷೋರೂಮ್ ಇದ್ದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಕ್ಕಂತಲ್ಲ. ದೇಶದಲ್ಲಿ ಆ ಮಾದರಿಯನ್ನು ಯಾವುದಕ್ಕಾದರೂ ಹಿಂದಕ್ಕೆ ಕರೆದಿದ್ದಾರೆಯೇ, ಕರೆದಿದ್ದರೆ ಈಗ ತಯಾರಾಗುವ ಕಾರಿನಲ್ಲಿ ಆ ಭಾಗ ಬದಲಾಗಿದೆಯೇ. ಕಾರು ಆಮದೋ, ಇಲ್ಲಿ ಜೋಡಣೆಯೋ, ಮುಂದಿನ ವರ್ಷವೂ ಪಟ್ಟಿಯಲ್ಲಿ ಇರುತ್ತದೆಯೋ. ವಾರಂಟಿ ಎರಡನೆಯ ಮಾಲೀಕನಿಗೂ ಪೂರ್ತಿ ಹೋಗುತ್ತದೆಯೋ. ಬ್ಯಾಟರಿಗೆ ಜೀವಮಾನದ ವಾರಂಟಿ ಎಂದು ಘೋಷಿಸುವ ಕಂಪನಿಗಳು ಈಗ ಇವೆ, ಆದರೆ ಅದು ಮೊದಲ ಮಾಲೀಕನಿಗೆ ಮಾತ್ರ ಎಂಬ ಷರತ್ತನ್ನು ಓದಬೇಕು. ಮುಂದೆ ಮಾರುವಾಗ ಬೆಲೆ ನಿಲ್ಲುವುದು ಆ ಷರತ್ತಿನ ಮೇಲೆ.

ಮನೆಯಲ್ಲಿ ಇನ್ನೊಂದು ಕಾರಿದ್ದು, ವಾರವಿಡೀ ಬೆಂಗಳೂರಿನಲ್ಲಿ ಇದ್ದು, ಹಣ ಹೋದರೂ ಕಣ್ಣೀರು ಬಾರದವರು ನಾಳೆಯೇ ಕೊಳ್ಳಲಿ. ಅವರಿಗೆ ನನ್ನ ಉಪದೇಶ ಬೇಕಿಲ್ಲ. ಮಿಜಾರಿನಲ್ಲಿದ್ದು, ಆ ಒಂದು ಕಾರಿನಲ್ಲೇ ಘಾಟಿ ಹತ್ತಿ ಇಳಿಯುವವರಿಗೆ ನನ್ನ ಸಲಹೆ ಬದಲಾಗಿಲ್ಲ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಷೋರೂಮಿಗೆ ಕೊಡಿ, ಉತ್ತರವನ್ನೂ ಬರಹದಲ್ಲೇ ಕೇಳಿ. ಸಹಿ ಹಾಕಿದ ಉತ್ತರ ಕೈಗೆ ಬಂದ ದಿನ ಬುಕಿಂಗ್ ಹಣ ಕಟ್ಟಿ. ಅಲ್ಲಿಯವರೆಗೆ ಅದು ನಿಮ್ಮ ಖಾತೆಯಲ್ಲೇ ಬಡ್ಡಿ ದುಡಿಯಲಿ.